ಲಾಥ್ರಪ್ ಊರಿನ ಕೊನೆಯ ಪಾಳಿ

ಮಾಂಟ್‌ಪೀಲಿಯರ್, ವರ್ಮಾಂಟ್
10 ಜನವರಿ 1965

ಶ್ರೀ ಎಮರಿ ಸ್ಟೈಲ್ಸ್ ಅವರಿಗೆ,

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಹುಲ್ಲುಗಾವಲು, ಒಂದು ಕಲ್ಲುಬೇಲಿ. ಆದರೂ ನವೆಂಬರಿನ ಚುನಾವಣೆಯಾದ ಮೇಲೆ ನೀವು ನನ್ನೊಡನೆ ಒಂದು ಮಾತೂ ಆಡಿಲ್ಲ. ಬಾಯಲ್ಲಿ ಆಗದ್ದು ಕಾಗದದಲ್ಲಾದರೂ ಆಗಲಿ ಎಂದು ಬರೆಯುತ್ತಿದ್ದೇನೆ. ಒಂದೇ ಶಾಲೆಯಲ್ಲಿ ಒಂದೇ ಒಲೆಯ ಮುಂದೆ ಕೈ ಕಾಯಿಸಿಕೊಂಡವರು ‘ನೀವು, ತಾವು’ ಎಂದು ಬರೆಯುವ ಹಾಗಾಯಿತು, ಇರಲಿ.

ಶಾಸನಸಭೆಗೆ ಹೋಗುವ ಪಾಳಿ ಈ ಸಲ ನಿಮ್ಮ ಮನೆಯದು ಎಂದು ಲಾಥ್ರಪ್‌ನ ನಾಯಿಗಳಿಗೂ ಗೊತ್ತು. ಆದರೆ ಅಕ್ಟೋಬರಿನಲ್ಲಿ ನೀವು ಹುಲ್ಲಿನ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡಿರಿ. ಆಸ್ಪತ್ರೆಯಲ್ಲಿ ಕಾಲು ನೇತುಹಾಕಿಕೊಂಡವರನ್ನು ಗೆಲ್ಲಿಸಿ ಏನು ಮಾಡುವುದೆಂದು ಊರವರು ಮುಂದಿನ ಪಾಳಿಯ ಮನೆಯವಳಾದ ನನ್ನನ್ನು ಕಳಿಸಿದರು. ಎರಡು ವರ್ಷ ಕಳೆದರೆ ನಿಮ್ಮದೇ ಎಂದು ಎಲ್ಲರೂ ಒಪ್ಪಿದ್ದಾರೆ. ನಾನು ಬದಲಿ ಆಳು, ಅಷ್ಟೇ.

ಇಲ್ಲಿ ರಾಜಧಾನಿಯಲ್ಲಿ, ಶಾಸನಸಭೆಯ ಬಂಗಾರದ ಗುಮ್ಮಟದ ಕೆಳಗೆ, ಇನ್ನೂರ ನಲವತ್ತಾರು ಊರುಗಳಿಗೆ ಇನ್ನೂರ ನಲವತ್ತಾರು ಕುರ್ಚಿ. ನನ್ನ ಪಕ್ಕದವನ ಹೆಸರು ಪಕೆಟ್. ಕೆರೆಯ ದಂಡೆಯ ದೊಡ್ಡ ನಗರದವನು, ಅಲ್ಲಿ ಶವಪೆಟ್ಟಿಗೆಯ ಅಂಗಡಿ ಇಟ್ಟಿದ್ದಾನೆ, ಶವಸಂಸ್ಕಾರದ ಏರ್ಪಾಡೂ ಅವನದೇ. ಅವನ ಊರಿನಲ್ಲಿ ಮೂವತ್ತೈದು ಸಾವಿರ ಜನ. ನಮ್ಮೂರಲ್ಲಿ ಹಸುಗೂಸುಗಳನ್ನು ಸೇರಿಸಿದರೂ ಎಪ್ಪತ್ತಾಗುವುದಿಲ್ಲ. ಅವನಿಗೂ ಒಂದು ಮತ, ನನಗೂ ಒಂದು ಮತ.

ಒಂದು ಉಪಕಾರ ಬೇಕು. ನನ್ನ ಅಡುಗೆಮನೆಯ ಒಲೆಗೆ ದಿನಕ್ಕೊಮ್ಮೆ ಸೌದೆ ಹಾಕಿ, ಇಲ್ಲದಿದ್ದರೆ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತದೆ. ಕೋಳಿಗಳಿಗೂ ಒಂದು ಹಿಡಿ ಕಾಳು ಹಾಕಿ. “ಆಲ್ಮೀಡಾ ಅಲ್ಲಿ ಕೂತ್ಕೊಂಡು ಕಾಲುಚೀಲ ಹೆಣೀತಾಳೆ, ಇನ್ನೇನ್ ಮಾಡ್ತಾಳೆ” ಎಂದು ನೀವು ಅಂಗಡಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ನಿಜ, ಹೆಣೆಯುತ್ತಿದ್ದೇನೆ. ನಿಮ್ಮ ಅಳತೆಯದೇ.

ವಿಧೇಯಳಾದ
ಆಲ್ಮೀಡಾ ಥ್ರಾಲ್

*

ಲಾಥ್ರಪ್
18 ಜನವರಿ 1965

ಶ್ರೀಮತಿ ಥ್ರಾಲ್ ಅವರಿಗೆ,

ಒಲೆ ಉರಿಯುತ್ತಿದೆ. ಕೋಳಿಗಳು ಬದುಕಿವೆ. ಒಂದನ್ನು ನರಿ ಒಯ್ದಿತು. ಅದು ನಿಮ್ಮ ಕಡೆಯ ಕಾಡಿನ ನರಿ, ನನ್ನ ಕಡೆಯದಲ್ಲ.

ಕಾಲುಚೀಲ ಬೇಕಾಗಿಲ್ಲ. ಹೆಣೆದೇ ತೀರುವುದಾದರೆ ಮುರಿದ ಕಾಲು ಈಗ ಸ್ವಲ್ಪ ಸಣ್ಣಗಾಗಿದೆ ಎಂಬುದು ನೆನಪಿರಲಿ.

ನಿಮ್ಮ ಕುರ್ಚಿ ಎಲ್ಲಿದೆ? ನಮ್ಮಪ್ಪನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಅಲ್ಲಿಂದ ನದಿ ಕಾಣುತ್ತಿತ್ತಂತೆ. ನಿಮಗೆ ಕಾಣುತ್ತದೆಯೇ, ತಿಳಿಸಿ. ತಿಳಿಸದಿದ್ದರೂ ನಡೆಯುತ್ತದೆ.

ಇಂತಿ
ಇ. ಸ್ಟೈಲ್ಸ್

*

ಮಾಂಟ್‌ಪೀಲಿಯರ್
6 ಫೆಬ್ರವರಿ 1965

ಎಮರಿ ಅವರೇ,

ನದಿ ಕಾಣುವುದಿಲ್ಲ. ಪಕೆಟ್‌ನ ಬೋಳುತಲೆ ಕಾಣುತ್ತದೆ.

ಮೊನ್ನೆ ನನಗೊಂದು ಫಜೀತಿಯಾಯಿತು. ಮುಖ್ಯವಾದ ವಿಷಯಗಳಿಗೆ ಇಲ್ಲಿ ಕೈ ಎತ್ತಿಸುವುದಿಲ್ಲ. ಕಾರ್ಯದರ್ಶಿ ಎದ್ದುನಿಂತು ಊರಿನ ಹೆಸರು, ಸದಸ್ಯರ ಹೆಸರು ಎರಡನ್ನೂ ಒಂದೊಂದಾಗಿ ಕರೆಯುತ್ತಾನೆ. ಕರೆದವರು ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. ಹಾಲಿನ ದರದ ಮಸೂದೆಗೆ ಹಾಗೆ ಕರೆಯುವಾಗ ನಾನು ಹೊರಗಿನ ಪಡಸಾಲೆಯಲ್ಲಿ ಯಾರೊಡನೆಯೋ ಹರಟುತ್ತಿದ್ದೆ. ನಮ್ಮೂರ ಹೆಸರು ಬಂದು ಹೋಗಿಬಿಟ್ಟಿತ್ತು. ಆದರೆ ಸುತ್ತು ಮುಗಿದ ಮೇಲೆ ಉತ್ತರ ಕೊಡದವರನ್ನು ಇನ್ನೊಮ್ಮೆ ಕರೆಯುವ ಪದ್ಧತಿ ಇದೆ. ಓಡಿ ಬಂದು ಕುಳಿತೆ. “ಲಾಥ್ರಪ್, ಶ್ರೀಮತಿ ಥ್ರಾಲ್!” ಎಂದು ಕಾರ್ಯದರ್ಶಿ ಮತ್ತೆ ಕೂಗಿದ. ಎಲ್ಲರೂ ಕತ್ತು ತಿರುಗಿಸಿ ನೋಡಿದರು. ನಾಚಿಕೆಯಾಯಿತು, ಆದರೆ ನಿಜ ಹೇಳುತ್ತೇನೆ, ಆ ಎತ್ತರದ ಚಾವಣಿಯ ಕೆಳಗೆ ನಮ್ಮೂರ ಹೆಸರು ಗಂಟೆ ಹೊಡೆದ ಹಾಗೆ ಕೇಳಿತು. ನಮ್ಮ ಆ ಒಂದು ಅಂಗಡಿ, ಒಂದು ಚರ್ಚು, ಬಾಗಿಲು ಮುಚ್ಚಿದ ಶಾಲೆ, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು.

ಈಗ ಕೆಟ್ಟ ಸುದ್ದಿ. ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಊರಿಗೊಂದು ಕುರ್ಚಿ ಎಂಬ ಪದ್ಧತಿ ಇನ್ನು ನಡೆಯುವುದಿಲ್ಲ, ತಲೆ ಎಣಿಸಿ ಕುರ್ಚಿ ಹಂಚಿ ಎಂದು ನ್ಯಾಯಾಲಯ ಹೇಳಿಬಿಟ್ಟಿದೆ. ಅದನ್ನು ಹಂಚಬೇಕಾದವರೂ ನಾವೇ. ನಮ್ಮ ಕುತ್ತಿಗೆಯ ಹಗ್ಗ ನಾವೇ ಹೊಸೆಯಬೇಕು. ನೂರೈವತ್ತು ಕುರ್ಚಿ ಉಳಿಯುತ್ತವಂತೆ. ಲಾಥ್ರಪ್ ಅಕ್ಕಪಕ್ಕದ ನಾಲ್ಕೈದು ಊರುಗಳ ಜೊತೆ ಸೇರಿ ಒಂದು ನಂಬರಿನ ಕ್ಷೇತ್ರವಾಗುತ್ತದೆ. ಮಸೂದೆ ಮೇ ತಿಂಗಳಲ್ಲಿ ಮತಕ್ಕೆ ಬರಬಹುದು.

ಅಂದರೆ ನಿಮ್ಮ ಪಾಳಿ... ಈ ವಾಕ್ಯ ಮುಗಿಸಲು ಕೈ ಬರುತ್ತಿಲ್ಲ.

ನಿಮ್ಮ
ಆಲ್ಮೀಡಾ ಥ್ರಾಲ್

*

ಲಾಥ್ರಪ್
20 ಫೆಬ್ರವರಿ 1965

ಶ್ರೀಮತಿ ಥ್ರಾಲ್ ಅವರಿಗೆ,

ನಿಮ್ಮ ವಾಕ್ಯವನ್ನು ನಾನೇ ಮುಗಿಸುತ್ತೇನೆ. ನನ್ನ ಪಾಳಿ ಇನ್ನು ಬರುವುದಿಲ್ಲ. ಓದಲು ಬರೆಯಲು ಬರುವವನು ನಾನು, ನನಗೂ ತಿಳಿಯುತ್ತದೆ.

ಅಪ್ಪನ ಪಾಳಿ 1927ರಲ್ಲಿ ಬಂದಿತ್ತು, ಆ ದೊಡ್ಡ ಪ್ರವಾಹದ ವರ್ಷ. ಸೇತುವೆಗಳೆಲ್ಲ ಕೊಚ್ಚಿಹೋಗಿ, ರೈಲುಹಳಿ ಹೊಳೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಾಡುತ್ತಿತ್ತು. ಪರಿಹಾರದ ಹಣಕ್ಕೆ ಒಪ್ಪಿಗೆ ಕೊಡಲು ಶಾಸನಸಭೆಯನ್ನು ತುರ್ತಾಗಿ ಕರೆದರು. ಅಮ್ಮ ಹೇಳಿದಳು, “ರೈಲಿಲ್ಲ, ರಸ್ತೆ ಇಲ್ಲ, ನೀವೊಬ್ರು ಹೋಗ್ದಿದ್ರೆ ಏನ್ ಮುಳುಗಿಹೋಗುತ್ತೆ?” ಅಪ್ಪ ನೀರು ಒಳಗಿಳಿಯದಿರಲೆಂದು ಬೂಟಿಗೆ ಕೊಬ್ಬು ಸವರುತ್ತಾ ಹೇಳಿದ, “ಮುಳುಗೋದೆಲ್ಲ ಮುಳುಗಿದೆ ಕಣೇ. ಲಾಥ್ರಪ್ ಅಂತ ಕರೆದಾಗ ಯಾರೂ ಓಗೊಡದೆ ಹೋದ್ರೆ, ಊರೂ ಕೊಚ್ಚಿಕೊಂಡು ಹೋಯ್ತು ಅಂದ್ಕೋತಾರೆ.” ಬೆಟ್ಟ ಹತ್ತಿ ಇಳಿದು ನಡೆದೇ ಹೋದ. ಬರುವಾಗ ನನಗೆ ಪೆಪ್ಪರ್‌ಮಿಂಟ್ ತಂದಿದ್ದ. ಆಗ ನನಗೆ ಮೂವತ್ತು ವರ್ಷ, ಆದರೂ ತಂದಿದ್ದ. “ಮುಂದಿನ ಸಲ ನಮ್ಮನೆ ಪಾಳಿ ಬಂದಾಗ ನೀನು ಹೋಗ್ತೀಯ” ಎಂದ. ಅಂದಿನಿಂದ ಕಾಯುತ್ತಿದ್ದೇನೆ. ಮದುವೆಗೂ ನಾನು ಇಷ್ಟು ಕಾಯಲಿಲ್ಲ, ಅದಕ್ಕೇ ಅದು ಆಗಲಿಲ್ಲ. ಸ್ಟೈಲ್ಸ್ ಮನೆಯಲ್ಲಿ ನಾನೇ ಕೊನೆಯವನು.

ಈ ರಾಜ್ಯ ನಡೆದು ಬಂದದ್ದೇ ಪಾಳಿಯಿಂದ. ಗವರ್ನರು ಒಂದು ಸಲ ಬೆಟ್ಟದ ಈಚೆಯವನು, ಮುಂದಿನ ಸಲ ಆಚೆಯವನು. ನಮ್ಮ ಅಜ್ಜಂದಿರು ಹಾಗೆ ನೂರು ವರ್ಷ ನಡೆಸಿದರು. ಯಾವ ಕಾನೂನಿನಲ್ಲೂ ಅದು ಬರೆದಿರಲಿಲ್ಲ. ಬರೆಯದೆ ನಡೆದದ್ದು ಚೆನ್ನಾಗಿ ನಡೆಯಿತು. ವರ್ಮಾಂಟ್ ಅಮೆರಿಕವನ್ನು ಸೇರುವ ಮೊದಲು, ತಾನೇ ಒಂದು ಸ್ವತಂತ್ರ ದೇಶವಾಗಿದ್ದಾಗಲೇ, ನಮಗೆ ಊರಿಗೊಂದು ಕುರ್ಚಿ ಇತ್ತು. ಈಗ ಯಾರೋ ಬಂದು ತಲೆ ಎಣಿಸುತ್ತಾರಂತೆ.

ನೀವು ಏನು ಹೇಳುತ್ತೀರಿ ಎಂದು ನಾನು ಕೇಳುವುದಿಲ್ಲ. ಮಾರ್ಚ್ ಮೊದಲ ಮಂಗಳವಾರ ಊರಸಭೆಗೆ ಬರುತ್ತೀರಲ್ಲ, ಎಲ್ಲರೆದುರು ಹೇಳಿ.

ಇಂತಿ
ಇ. ಸ್ಟೈಲ್ಸ್

ಮ.ವಿ.: ಕಾಲುಚೀಲ ಬಂತು. ಬೆಚ್ಚಗಿದೆ.

*

ಮಾಂಟ್‌ಪೀಲಿಯರ್
7 ಮಾರ್ಚ್ 1965

ಎಮರಿ,

ಊರಸಭೆಯಿಂದ ಬಂದು ಐದು ದಿನವಾಯಿತು, ಮನಸ್ಸು ಇನ್ನೂ ಅಲ್ಲೇ ಇದೆ. ಸಭೆ ಎಂದಿನಂತೆಯೇ ಶುರುವಾಯಿತಲ್ಲ! ಹೊಸದಾಗಿ ಮದುವೆಯಾದ ಹುಡುಗನನ್ನು ಎಂದಿನ ತಮಾಷೆಯಂತೆ ಹಂದಿ ಹಿಡಿಯುವ ಅಧಿಕಾರಿಯಾಗಿ ಆರಿಸಿದಾಗ ಅವನ ಹೆಂಡತಿ ಮುಖ ಮುಚ್ಚಿಕೊಂಡು ನಕ್ಕಳು. ನನ್ನ ಗಂಡ ಇದ್ದಾಗ, ಅವರು ಆ ಪದವಿಗೆ ಏರಿದ ದಿನ ನಾನೂ ಹಾಗೇ ನಕ್ಕಿದ್ದೆ. ಕಲ್ಲಿದ್ದಲು ತೂಗುವ ಅಧಿಕಾರಿ ಎಮರಿ ಸ್ಟೈಲ್ಸ್, ಎಂದಿನಂತೆ, ಎಂದು ಸಭಾಧ್ಯಕ್ಷ ಹೈರಂ ಹೇಳಿದ. “ಊರಲ್ಲಿ ಎಲ್ರೂ ಸೌದೆ ಉರಿಸ್ತಾರೆ, ತೂಗೋಕೆ ಕಲ್ಲಿದ್ದಲೆಲ್ಲಿದೆ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. “ಅದಕ್ಕೇ ಇವತ್ತಿನವರೆಗೂ ನನ್ನ ತೂಕದಲ್ಲಿ ಒಂದ್ ತಪ್ಪೂ ಬಂದಿಲ್ಲ” ಎಂದಿರಿ ನೀವು. ಪ್ರತಿ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಪ್ರತಿ ವರ್ಷವೂ ನನಗೆ ನಗು ಬರುತ್ತದೆ.

ಆಮೇಲೆ ಹೈರಂ ನನ್ನ ಕಡೆ ತಿರುಗಿದ. “ಆಲ್ಮೀಡಾ, ಆ ಮಸೂದೆ ಬಂದಾಗ ನೀನ್ ಏನಂತೀಯ?”

“ಹೌದು ಅಂತೀನಿ,” ಎಂದೆ.

ಒಲೆಯಲ್ಲಿ ಸೌದೆ ಸಿಡಿದದ್ದು ಕೇಳಿಸಿತು. ಹೈರಂನ ಹೆಂಡತಿ ಎದ್ದು ನಿಂತು, “ನಮ್ಮೂರನ್ನ ನಮ್ಮೂರವಳೇ ಅಳಿಸ್ತಾಳಂತೆ, ಕೇಳ್ರಪ್ಪಾ” ಎಂದಳು. ನಾನು ಪಕೆಟ್‌ನ ಊರಿನ ವಿಷಯ ಹೇಳಿದೆ. ನಮ್ಮ ಒಬ್ಬನ ಮಾತು ಅಲ್ಲಿಯ ಐನೂರು ಜನರ ಮಾತಿಗೆ ಸಮ ಎಂದರೆ ಅದು ನ್ಯಾಯವೇ ಎಂದು ಕೇಳಿದೆ. ನಾವೆಲ್ಲ ಇಪ್ಪತ್ತೊಂದು ತುಂಬಿದ ದಿನ ಊರ ಗುಮಾಸ್ತೆಯ ಎದುರು ಕೈಯೆತ್ತಿ ಆಣೆ ಮಾಡಿದ್ದೇವೆ, ಮತ ಕೊಡುವಾಗ ಮನಸ್ಸಾಕ್ಷಿಗೆ ತೋರಿದ ಹಾಗೆ ಕೊಡುತ್ತೇವೆ, ಯಾರ ಭಯಕ್ಕೂ ದಾಕ್ಷಿಣ್ಯಕ್ಕೂ ಸಿಕ್ಕುವುದಿಲ್ಲ ಎಂದು. ಅದನ್ನೂ ನೆನಪಿಸಿದೆ. ಮಧ್ಯಾಹ್ನದ ಊಟದಲ್ಲಿ ಬೇಯಿಸಿದ ಬೀನ್ಸ್ ಕಾಳು, ಹಂದಿಮಾಂಸ, ಎಲ್ಲ ಖಾಲಿಯಾಯಿತು. ನನ್ನ ಸೇಬಿನ ಪೈ ಮಾತ್ರ ಇಟ್ಟ ಹಾಗೇ ಇತ್ತು.

ನೀವು ಎದ್ದು ಬಂದಿರಿ. ಎಲ್ಲರೂ ನೋಡುತ್ತಿದ್ದಂತೆ ಎರಡು ತುಂಡು ತಿಂದು ತಟ್ಟೆ ಇಟ್ಟು ಹೋದಿರಿ. ಆಗಲೇ ನಾನು ನಿಮ್ಮ ಸೂಟನ್ನು ಸರಿಯಾಗಿ ನೋಡಿದ್ದು. ಕಡುಬೂದು ಬಣ್ಣ, ಹೊಸದು, ತೋಳಿನ ಮಡಿಕೆಯೂ ಹೋಗಿರಲಿಲ್ಲ. ಅದನ್ನು ಯಾವಾಗ ಹೊಲಿಸಿದಿರಿ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅಟ್ಟದಿಂದ ಬೀಳುವ ಮೊದಲು. ಜನವರಿಗೆಂದು.

ಇಲ್ಲಿಗೆ ಬಂದ ಮೇಲೆ ನನ್ನ ಕಣ್ಣಿಗೆ ಆ ಸೂಟೇ ಕಟ್ಟಿದೆ. ನನ್ನ ಮಾತು ಸರಿ ಎಂದು ಈಗಲೂ ಅನ್ನಿಸುತ್ತದೆ. ಆದರೂ ಸಂಕಟವಾಗುತ್ತದೆ.

ಆಲ್ಮೀಡಾ

*

ಲಾಥ್ರಪ್
21 ಮಾರ್ಚ್ 1965

ಆಲ್ಮೀಡಾ,

ನನ್ನ ಸೂಟಿನ ಸುದ್ದಿ ನಿನಗೆ ಬೇಡ. ಪೈ ಚೆನ್ನಾಗಿತ್ತು, ತಿಂದೆ. ಅದರಲ್ಲಿ ರಾಜಕೀಯ ಇರಲಿಲ್ಲ.

ಮೇಪಲ್ ಮರಗಳಿಂದ ರಸ ಇಳಿಯುತ್ತಿದೆ. ರಾತ್ರಿ ಹೆಪ್ಪು, ಹಗಲು ಬಿಸಿಲು, ಬೇಕಾದ ಹಾಗೇ ಇದೆ ಹವಾ. ಆ ರಸವನ್ನು ಪಾಕವಾಗಿ ಕಾಯಿಸುವ ಗುಡಿಸಲಿನಲ್ಲಿ ಒಬ್ಬನೇ ಕುಳಿತು ಬೆಂಕಿ ನೋಡುತ್ತೇನೆ. ನೀನು ಏಳನೇ ವರ್ಷದಲ್ಲಿ ನಮ್ಮ ಗುಡಿಸಲಿಗೆ ಬಂದು, ಹಿಮದ ಮೇಲೆ ಸುರಿದ ಬಿಸಿ ಪಾಕ ತಿಂದು ಹಲ್ಲಿಗೆ ಅಂಟಿ ಬಾಯಿ ತೆರೆಯಲಾಗದೆ ಅತ್ತದ್ದು ನೆನಪಾಯಿತು. “ಈ ಹುಡ್ಗಿ ಬಾಯಿ ಮುಚ್ಚಿದ್ದು ಇದೇ ಮೊದಲು” ಎಂದು ಅಪ್ಪ ನಕ್ಕಿದ್ದ. ಈಗ ಆ ಬಾಯಿ ಮಾಂಟ್‌ಪೀಲಿಯರ್ ತನಕ ಹೋಗಿದೆ.

ನಿನ್ನ ಮಾತು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಕೋಪ ಮಾತ್ರ ಇದೆ. ನಿನ್ನ ಮೇಲೋ, ಆ ಅಟ್ಟದ ಏಣಿಯ ಮೇಲೋ, ಅದೂ ಗೊತ್ತಾಗುತ್ತಿಲ್ಲ.

ಒಂದು ಡಬ್ಬಿ ಪಾಕ ಕಳಿಸಿದ್ದೇನೆ. ಮೊದಲು ಕಾಯಿಸಿದ್ದು, ತಿಳಿ ಬಣ್ಣದ್ದು. ಆ ಶವಪೆಟ್ಟಿಗೆಯವನಿಗೂ ಸ್ವಲ್ಪ ಕೊಡು.

ಎಮರಿ

*

ಮಾಂಟ್‌ಪೀಲಿಯರ್
12 ಏಪ್ರಿಲ್ 1965

ಎಮರಿ,

ಕುಳಿತುಕೊಂಡು ಓದು.

ಇವತ್ತು ನಾನು ರಾಜೀನಾಮೆ ಕೊಟ್ಟೆ. ಖಾಲಿಯಾದ ಕುರ್ಚಿಗೆ ಗವರ್ನರು ಬೇರೊಬ್ಬರನ್ನು ನೇಮಿಸಬೇಕು, ಊರವರು ಹೇಳಿದ ಹೆಸರನ್ನು ಅವರು ತಳ್ಳಿಹಾಕುವುದಿಲ್ಲ. ಹೈರಂನಿಗೆ ಫೋನು ಮಾಡಿದ್ದೇನೆ. “ನಿನ್ಗೇನಾದ್ರೂ ತಲೆ ಕೆಟ್ಟಿದೆಯಾ?” ಎಂದ. “ಇದು ಸ್ಟೈಲ್ಸ್ ಮನೆ ಪಾಳಿ. ನಾನು ಬದ್ಲಿ ಬಂದಿದ್ದೆ. ಅವನ ಕಾಲು ಸರಿಹೋಗಿದೆ,” ಎಂದೆ. ಆಮೇಲೆ, “ಅದೂ ಸರೀನೇ” ಎಂದ.

ಇದರಲ್ಲಿ ಯಾವ ಕರಾರೂ ಇಲ್ಲ. ನೀನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ, ಹೇಳಿದ ಮೇಲೆ ಏಕೆ ಎಂದು ಕೇಳುವುದೂ ಇಲ್ಲ. ನೀನು ‘ಇಲ್ಲ’ ಎನ್ನುತ್ತೀ ಎಂದು ಗೊತ್ತಿದ್ದೇ ಕೊಟ್ಟಿದ್ದೇನೆ. ಪಾಳಿ ಯಾರದೋ ಮತ ಅವರದು. ಬೇಕಾದವರ ಕೈಗೆ ಮಾತ್ರ ಕೊಡುವುದಾದರೆ ಅದು ಪಾಳಿಯೇ ಅಲ್ಲ.

ಶನಿವಾರ ಊರಿಗೆ ಬರುತ್ತೇನೆ. ನಿನ್ನ ಹಸುಗಳನ್ನು ನಾನು ನೋಡಿಕೊಳ್ಳುತ್ತೇನೆ. ಸೂಟಿಗೆ ಇಸ್ತ್ರಿ ಹಾಕಿಸು.

ಆಲ್ಮೀಡಾ

*

ಲಾಥ್ರಪ್
14 ಏಪ್ರಿಲ್ 1965

ಆಲ್ಮೀಡಾ,

ನೀನು ತಪ್ಪಿಸಿಕೊಂಡೆ. ನಿನ್ನ ಕೈಯಲ್ಲಿ ಆಗದ ಕೆಲಸವನ್ನು ನನ್ನ ಕುತ್ತಿಗೆಗೆ ಕಟ್ಟಿದೆ. ಊರು ಅಳಿಸಿಹೋಗುವ ದಿನ ಅಲ್ಲಿ ಕುಳಿತಿದ್ದವನು ಯಾರು ಎಂದರೆ ಇನ್ನು ಎಮರಿ ಸ್ಟೈಲ್ಸ್ ಎನ್ನುತ್ತಾರೆ. ಭಿಕ್ಷೆ ಹಾಕಿದ ಪಾಳಿ ನನಗೆ ಬೇಡ.

ಇಷ್ಟು ನಿನ್ನೆ ಬರೆದದ್ದು. ಅಂಚೆಗೆ ಹಾಕಲು ಹೋಗುವಾಗ ಹೈರಂ ಎದುರಾದ. ಟೋಪಿ ತೆಗೆದು, “ಪ್ರತಿನಿಧಿಗಳಿಗೆ ನಮಸ್ಕಾರ” ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಮನೆಗೆ ವಾಪಸು ಬಂದು ಅಪ್ಪನ ಚಿತ್ರದ ಮುಂದೆ ಬಹಳ ಹೊತ್ತು ಕುಳಿತೆ.

ಬರುತ್ತೇನೆ. ನಮ್ಮ ಹಸು ಡಚೆಸ್, ಎಡಗಡೆಯಿಂದ ಹಾಲು ಕರೆದರೆ ಒದೆಯುತ್ತಾಳೆ. ಬಲಗಡೆ ಕೂರು.

ಎಮರಿ

*

ಮಾಂಟ್‌ಪೀಲಿಯರ್
30 ಏಪ್ರಿಲ್ 1965

ಆಲ್ಮೀಡಾ,

ನೀನು ಇದ್ದ ಕೋಣೆಯನ್ನೇ ಮನೆಯೊಡತಿ ನನಗೆ ಕೊಟ್ಟಿದ್ದಾಳೆ. ದಿಂಬಿನ ಕೆಳಗೆ ನಿನ್ನ ಹೆಣಿಗೆಯ ಕಡ್ಡಿ ಸಿಕ್ಕಿತು. ಚುಚ್ಚಿತು ಎಂದರೆ ಸರಿ.

ಮೊದಲ ದಿನ ಮೆಟ್ಟಿಲು ಹತ್ತುವಾಗ ಕಾಲು ನಡುಗಿತು. ಮುರಿದದ್ದಲ್ಲ, ಇನ್ನೊಂದು. ಪ್ರಮಾಣ ಮಾಡಿಸಿದರು. ಬಿಡುವಿನಲ್ಲಿ ಅಪ್ಪ ಹೇಳಿದ ಕಿಟಕಿ ಹುಡುಕಿಕೊಂಡು ಹೋದೆ. ಅದರ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. “ಒಂದ್ ನಿಮಿಷ ಇಲ್ಲಿ ನಿಂತ್ಕೊಳ್ಲಾಮ್ಮ? ನದಿ ನೋಡ್ಬೇಕು” ಎಂದೆ. “ಅಯ್ಯೋ, ಅದು ಮರ ಬೆಳೆದು ಮುಚ್ಚಿಹೋಗಿ ಎಷ್ಟೋ ವರ್ಷ ಆಯ್ತು” ಎಂದಳು. ಆದರೂ ನಿಂತೆ. ಎಲೆ ಇನ್ನೂ ಪೂರ್ತಿ ಬಂದಿಲ್ಲವಲ್ಲ, ಕೊಂಬೆಗಳ ಸಂದಿಯಲ್ಲಿ ಒಂದು ಚೂರು ಹೊಳೆಯಿತು. ನದಿಯೇ ಇರಬೇಕು.

ಪಕೆಟ್ ಒಳ್ಳೆಯವನು. ಪಾಕದ ಡಬ್ಬಿ ನೆಕ್ಕಿ ಮುಗಿಸಿದನಂತೆ. ನಿನ್ನೆ ಊಟಕ್ಕೆ ಕುಳಿತಾಗ ಕೇಳಿದೆ, “ನಿಮ್ಮೂರಲ್ಲಿ ಪಾಳಿ ಹೇಗ್ ಬರುತ್ತೆ?”

“ಪಾಳೀನಾ?” ಎಂದ. ನಮ್ಮ ಪದ್ಧತಿಯನ್ನೂ, ಅಪ್ಪ ಪ್ರವಾಹದಲ್ಲಿ ನಡೆದು ಬಂದದ್ದನ್ನೂ ವಿವರಿಸಿದೆ. ಚಮಚ ಕೆಳಗಿಟ್ಟು ಕೇಳಿದ. “ಮನೆಗೊಂದು ಸಲ! ಎಲ್ರಿಗೂ?”

“ಎಲ್ರಿಗೂ. ತಡ ಆಗ್ಬೋದು, ಆದ್ರೆ ಬರುತ್ತೆ.”

“ನಮ್ಮೂರಲ್ಲಿ ನನ್ನ ಮತದಾರರು ನನ್ನ ಹತ್ರ ಬರೋದು ಒಂದೇ ಸಲ ಕಣಯ್ಯಾ,” ಎಂದ, “ಆಗ ಅವರ ಕಣ್ಣು ಮುಚ್ಚಿರುತ್ತೆ.”

ಜೋರಾಗಿ ನಕ್ಕೆ. ಅವನು ನಗಲಿಲ್ಲ. ಅವನಪ್ಪ ಉಣ್ಣೆಯ ಗಿರಣಿಯಲ್ಲಿ ಬಣ್ಣ ಹಾಕುವವನಂತೆ, ಕ್ವಿಬೆಕ್‌ನಿಂದ ಬಂದವನು, ಸಾಯುವವರೆಗೂ ಕೈ ನೀಲಿಯಾಗಿತ್ತಂತೆ. “ನಿಮ್ಮಪ್ಪ ಪ್ರವಾಹದಲ್ಲಿ ನಡ್ಕೊಂಡು ಬಂದ್ರಲ್ಲ, ಅದೇ ಪ್ರವಾಹದಲ್ಲಿ ನಮ್ ಬೀದಿ ಪೂರ್ತಿ ಮುಳುಗಿತ್ತು. ನಮ್ಮಪ್ಪನ ಪರವಾಗಿ ಇಲ್ಲಿ ಮಾತಾಡೋನು ಯಾರು ಅಂತ ನಮ್ಗೆ ಗೊತ್ತೇ ಇರ್ಲಿಲ್ಲ. ಅಷ್ಟು ಜನಕ್ಕೆ ಒಬ್ಬ. ಅವನ ಮನೆ ಬಾಗಿಲ ತನಕ ಯಾರು ಹೋಗ್ತಾರೆ?” ಎಂದ. ಆಮೇಲೆ ಪಾಯಸದ ಬಟ್ಟಲು ನನ್ನ ಕಡೆ ತಳ್ಳಿದ.

ರಾತ್ರಿ ನಿದ್ದೆ ಬರಲಿಲ್ಲ. ನಾನು ಇಷ್ಟು ವರ್ಷ ಕಾದೆ ಎಂದು ಎಲ್ಲರ ಹತ್ತಿರ ಗೊಣಗುತ್ತೇನೆ. ಕಾಯಲು ನನಗೊಂದು ಪಾಳಿಯಾದರೂ ಇತ್ತು.

ಎಮರಿ

*

ಲಾಥ್ರಪ್
6 ಮೇ 1965

ಎಮರಿ,

ಡಚೆಸ್ ಬಲಗಡೆ ಕುಳಿತರೂ ಒದೆಯುತ್ತಾಳೆ. ನೀನು ಬೇಕೆಂದೇ ಹೇಳಿದೆಯೋ ಏನೋ.

ನಿನ್ನ ಪ್ಲಮ್ ಗಿಡ ಬೆಳ್ಳಗೆ ಹೂ ಬಿಟ್ಟಿದೆ. ರಸ್ತೆಯ ಕೆಸರು ಒಣಗಿತು. ಸೊಳ್ಳೆಯಂಥ ಆ ಕರಿನೊಣಗಳು ಬಂದಿವೆ, ಕೊಟ್ಟಿಗೆಯಲ್ಲಿ ಕಿವಿಯ ಹಿಂದೆಲ್ಲ ಕಚ್ಚಿವೆ. ಕಾಡಿನಲ್ಲಿ ಕಾಡು ಈರುಳ್ಳಿ ಎದ್ದಿದೆ. ಕಿತ್ತು ತಂದು ಮೊಟ್ಟೆಯ ಜೊತೆ ಹುರಿದೆ. ಮನೆಯೆಲ್ಲ ವಾಸನೆ. ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ, “ಎಮರಿ ಏನ್ ಮಾಡ್ತಾನಂತೆ?” ನನಗೆ ಗೊತ್ತಿಲ್ಲ ಎನ್ನುತ್ತೇನೆ. “ಗೊತ್ತಿಲ್ದೆ ಏನು, ಅವನು ಸ್ಟೈಲ್ಸ್, ಅಡ್ಡ ನಿಂತ ಕೋಣ” ಎಂದ ಹೈರಂ. ಮಾರ್ಚಿನಿಂದ ನನ್ನೊಡನೆ ಮಾತು ಬಿಟ್ಟಿದ್ದ ಅವನ ಹೆಂಡತಿ ನಿನ್ನೆ ಒಂದು ಬಟ್ಟಲು ಬೇಯಿಸಿದ ಬೀನ್ಸ್ ಕಾಳು ತಂದು ಕೊಟ್ಟಳು. ನಿನ್ನನ್ನು ಕಳಿಸಿದ್ದಕ್ಕಂತೆ.

ನಾನು ಏನೂ ಕೇಳುವುದಿಲ್ಲ ಎಂದಿದ್ದೆ. ಕೇಳುತ್ತಿಲ್ಲ. ಊಟ ಸರಿಯಾಗಿ ಮಾಡು.

ಆಲ್ಮೀಡಾ

*

ಮಾಂಟ್‌ಪೀಲಿಯರ್
16 ಮೇ 1965, ಭಾನುವಾರ

ಆಲ್ಮೀಡಾ,

ಈ ಕಾಗದ ನಿನಗೆ ತಲಪುವ ಮೊದಲೇ ಪತ್ರಿಕೆ ತಲಪಿರುತ್ತದೆ. ಲಾಥ್ರಪ್‌ನ ಹೊಸ ಸದಸ್ಯರು ಅಂಥ ಹೊತ್ತಿನಲ್ಲಿ ನಿದ್ದೆ ಹೋಗಿದ್ದರು, ಎರಡನೇ ಸಲ ಕರೆದು ಎಬ್ಬಿಸಬೇಕಾಯಿತು ಎಂದು ಬರೆದಿದ್ದಾರೆ. ಅಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರಬಹುದು. ನಗಲಿ ಬಿಡು. ನಿನಗೆ ಮಾತ್ರ ನಿಜ ಹೇಳುತ್ತೇನೆ.

ಮೊನ್ನೆ ಮಸೂದೆ ಮತಕ್ಕೆ ಬಂದಾಗ ಮೇಲಿನ ಪ್ರೇಕ್ಷಕರ ಗ್ಯಾಲರಿಯ ತುಂಬ ಜನ. ಸಣ್ಣ ಊರುಗಳ ಮುದುಕರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಕೆಲವರಿಗೆ ಮಾತು ಮುಗಿಸಲಾಗಲಿಲ್ಲ, ಹಾಗೇ ಕುಳಿತರು. ನಾನೂ ಒಂದು ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ, ಅಪ್ಪ ನಡೆದು ಬಂದ ಕಥೆಯೆಲ್ಲ ಅದರಲ್ಲಿತ್ತು. ಪಕೆಟ್ ಪಕ್ಕದಲ್ಲೇ ಕೈ ಕಟ್ಟಿ ಕುಳಿತಿದ್ದ. ಏಳಲಿಲ್ಲ ನಾನು.

ಕಾರ್ಯದರ್ಶಿ ಕರೆಯಲು ಶುರುಮಾಡಿದ. ಒಂದೊಂದು ಊರಿನ ಹೆಸರು ಬಂದಾಗಲೂ ನನಗೆ ಅದರ ಏನೋ ಒಂದು ನೆನಪು. ಇಲ್ಲಿ ಎತ್ತು ಕೊಂಡಿದ್ದೆ, ಇಲ್ಲಿ ಒಬ್ಬಳೊಡನೆ ಕುಣಿದಿದ್ದೆ, ಇಲ್ಲಿ ಅಮ್ಮನ ತವರು. ಇವೆಲ್ಲ ಇನ್ನು ಇಲ್ಲಿ ಕೇಳುವುದಿಲ್ಲ ಎಂದುಕೊಳ್ಳುತ್ತಿರುವಾಗಲೇ ಅವನು ಅಂದ: “ಲಾಥ್ರಪ್, ಶ್ರೀ ಸ್ಟೈಲ್ಸ್.”

ಅಪ್ಪ ಇದಕ್ಕಾಗಿ ಬೆಟ್ಟ ಹತ್ತಿ ಇಳಿದಿದ್ದ. ಅರ್ಧ ಉಸಿರಿನಲ್ಲಿ ಮುಗಿದುಹೋಯಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಪಕೆಟ್ ಜೊತೆ ಊಟಕ್ಕೆ ಕುಳಿತ ಆ ದಿನದಿಂದಲೇ ಇತ್ತು. ಆದರೆ ಹೇಳಿದರೆ ಅವನು ಮುಂದಿನ ಊರಿಗೆ ಹೋಗಿಬಿಡುತ್ತಾನೆ. ಸುಮ್ಮನಿದ್ದೆ. ಉತ್ತರ ಕೊಡದವರನ್ನು ಕೊನೆಯಲ್ಲಿ ಇನ್ನೊಮ್ಮೆ ಕರೆಯುತ್ತಾರೆ ಎಂದು ಫೆಬ್ರವರಿಯಲ್ಲಿ ನೀನೇ ಬರೆದಿದ್ದೆ.

ಪಕೆಟ್ ಮೊಣಕೈಯಿಂದ ತಿವಿದ. “ಏಯ್, ನಿನ್ನನ್ನೇ ಕರ್ದಿದ್ದು!” ನಾನು ಕಣ್ಣು ಮುಚ್ಚಿಕೊಂಡೆ. ಪತ್ರಿಕೆಯವನು ನೋಡಿದ್ದು ಅದನ್ನೇ.

ಎಲ್ಲ ಊರುಗಳೂ ಮುಗಿದವು. ಅವನು ಹಾಳೆಯನ್ನು ತಿರುವಿ ಮೊದಲಿನಿಂದ ನೋಡಿದ. ಬಾರದವರು ನಾಲ್ಕೈದು ಮಂದಿ, ಅವರ ಹೆಸರು ಕರೆದ, ಯಾರೂ ಇಲ್ಲ. ಆಮೇಲೆ ತಲೆ ಎತ್ತಿ ನನ್ನ ಕಡೆಗೇ ನೋಡಿ, ನಿಧಾನವಾಗಿ, ಗಟ್ಟಿಯಾಗಿ ಕರೆದ. “ಲಾಥ್ರಪ್!” ನೀನು ಹೇಳಿದ ಹಾಗೇ ಕೇಳಿತು, ಗಂಟೆಯ ಹಾಗೆ.

ಎದ್ದು ನಿಂತೆ. “ಹೌದು,” ಎಂದೆ.

ನಿನಗಾಗಿ ಹೇಳಲಿಲ್ಲ, ಹಾಗೆಂದು ಉಬ್ಬಬೇಡ. ಆ ನೀಲಿ ಕೈಯವನಿಗಾಗಿ ಹೇಳಿದೆ. ಮಸೂದೆ ಗೆದ್ದಿತು, ನಾನು ‘ಇಲ್ಲ’ ಎಂದಿದ್ದರೂ ಗೆಲ್ಲುತ್ತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಪಕೆಟ್ ಬಂದು ಪಕ್ಕದಲ್ಲಿ ಕುಳಿತ. ಅವನ ಕೆಲಸವೇ ಅದಲ್ಲವೇ, ಅಳುವವರ ಪಕ್ಕದಲ್ಲಿ ಸುಮ್ಮನೆ ಕೂರುವುದು ಅವನಿಗೆ ಚೆನ್ನಾಗಿ ಗೊತ್ತು. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟ.

ಊರವರಿಗೆ ಮುಖ ಹೇಗೆ ತೋರಿಸಲಿ, ಆಲ್ಮೀಡಾ? ನಿದ್ದೆ ಹೋದದ್ದಕ್ಕೆ ಬೈಯಲಿ, ಅದು ಪರವಾಗಿಲ್ಲ. ಹೌದು ಎಂದದ್ದಕ್ಕೆ ಏನು ಹೇಳಲಿ?

ಎಮರಿ

*

ಲಾಥ್ರಪ್
19 ಮೇ 1965

ಎಮರಿ,

ಕಾಗದ ಬಂತು. ಕೊಟ್ಟಿಗೆಯಲ್ಲೇ ನಿಂತು ಓದಿದೆ. ಓದಿ ಅತ್ತೆ. ಡಚೆಸ್ ನೋಡಿಯೂ ಒದೆಯಲಿಲ್ಲ.

ಊರಿನ ಸುದ್ದಿ ಹೇಳುತ್ತೇನೆ. ಪತ್ರಿಕೆ ಬಂದ ದಿನ ಅಂಗಡಿಯಲ್ಲಿ ಹೈರಂ ಅದನ್ನು ಗಟ್ಟಿಯಾಗಿ ಓದಿದ. ನಿದ್ದೆಯ ಸುದ್ದಿಗೆ ಎಲ್ಲರೂ ನಕ್ಕರು. ‘ಹೌದು’ ಎಂಬಲ್ಲಿಗೆ ಬಂದಾಗ ನಗು ನಿಂತಿತು. ಹೈರಂನ ಹೆಂಡತಿ ನನ್ನ ಕಡೆ ತಿರುಗಿ, “ನೀನೇ ಹೇಳ್ಕೊಟ್ಟು ಕಳ್ಸಿದ್ಯಾ?” ಎಂದಳು. “ಸ್ಟೈಲ್ಸ್ ಮನೆಯವ್ರಿಗೆ ಯಾರಾದ್ರೂ ಹೇಳ್ಕೊಟ್ಟಿದ್ದು ಉಂಟಾ?” ಎಂದೆ. ಅವಳು, “ಅದೂ ನಿಜ. ಹಾಗಾದ್ರೆ ಅವನಿಗೇ ಅನ್ಸಿರ್ಬೇಕು” ಎಂದಳು. ಆಮೇಲೆ ಪತ್ರಿಕೆಯಲ್ಲಿ ನಿನ್ನ ಹೆಸರಿದ್ದ ಕಡೆ ಕತ್ತರಿಸಿ ಗೋಡೆಗೆ ಅಂಟಿಸಿದಳು. ‘ಲಾಥ್ರಪ್’ ಎಂದು ಅಚ್ಚಾಗಿದೆಯಲ್ಲ, ಅದಕ್ಕೆ. ಇನ್ನು ಅಲ್ಲಿ ಅಚ್ಚಾಗುವುದಿಲ್ಲವಲ್ಲ.

ನಿದ್ದೆಯ ವಿಷಯ ನಾನು ಯಾರಿಗೂ ತಿದ್ದಿ ಹೇಳಿಲ್ಲ. ಅದು ನಮ್ಮಿಬ್ಬರಲ್ಲೇ ಇರಲಿ. ಆದರೆ ಒಂದು ಮಾತು. ಆ ಸಭೆಯಲ್ಲಿ ಅಂದು ಎಲ್ಲ ಊರುಗಳ ಹೆಸರನ್ನೂ ಕೊನೆಯ ಸಲ ಕರೆದರು. ಕೂಗಿದಾಗ ಎದ್ದು ನಿಲ್ಲುವವನಿದ್ದೂ ಎರಡು ಸಲ ಕರೆಸಿಕೊಂಡ ಊರು ನಮ್ಮದೊಂದೇ. ನಿಮ್ಮಪ್ಪ ಇದ್ದಿದ್ದರೆ ತೊಡೆ ತಟ್ಟಿಕೊಂಡು ನಗುತ್ತಿದ್ದ.

ಬೇಗ ಬಾ. ಕಲ್ಲಿದ್ದಲು ತೂಗುವ ಅಧಿಕಾರಿ ಊರಲ್ಲಿಲ್ಲದೆ ಕೆಲಸವೆಲ್ಲ ನಿಂತುಹೋಗಿದೆ. ಪೈ ಮಾಡಿದ್ದೇನೆ.

ಬೇಲಿಯಾಚೆಯ
ಆಲ್ಮೀಡಾ